ಪೆಟ್ಟಿಗೆ ತಂದ ಅಂಕಲ್

ಮೊನ್ನೆ ಪಕ್ಕದ ಮನೆಯ ಹುಡುಗಿ ಒಂದು ಸೋಪು ತಂದು ನನ್ನ ಕೈಗಿಟ್ಟಳು. ಹುಡುಗಿ ಎಂದೆ ಅಷ್ಟೆ. ಈಗ ಅವಳಿಗೇ ಒಂದು ಮಗು, ಗಂಡ ದುಬೈಯಲ್ಲಿ. ಸೋಪಿನ ಕಾಗದ ಬಿಡಿಸಿದರೆ ಅದೇ ಹಳೆಯ ಪರಿಮಳ... ಸೋಪು, ಪೌಡರು, ಹಾಲಿನ ಪುಡಿ ಒಂದೇ ಪೆಟ್ಟಿಗೆಯಲ್ಲಿ ಸಮುದ್ರ ದಾಟಿ ಬಂದಾಗ ಮಾತ್ರ ಹುಟ್ಟುವಂಥದ್ದು. ಅವಳ ತಂದೆ ನೆನಪಾದರು. ನಾವು ಅವರನ್ನು ಕಾಕ ಎನ್ನುತ್ತಿದ್ದೆವು.

ನಾನು ಮದುವೆಯಾಗಿ ಅರಂತೋಡಿಗೆ ಬಂದಾಗ ಕಾಕ ಗಲ್ಫಿನಲ್ಲಿದ್ದರು. ಅವರ ಮುಖ ಕಾಣುವ ಮೊದಲು ನನಗೆ ಅವರ ಸ್ವರ ಪರಿಚಯ. ಆಗ ಅಲ್ಲಿಯ ಮನೆಗಳ ಪೈಕಿ ಫೋನ್ ಇದ್ದದ್ದು ನಮ್ಮಲ್ಲಿ ಮಾತ್ರ. ಶುಕ್ರವಾರ ಮಧ್ಯಾಹ್ನ ಅವರ ಕರೆ ಬರುತ್ತಿತ್ತು. ಹೆಂಡತಿಯೂ ಪುಟ್ಟ ಮಗಳೂ ಮೊದಲೇ ಬಂದು ಫೋನಿನ ಹತ್ತಿರ ಕೂತಿರುತ್ತಿದ್ದರು. ಮಗಳು ಹುಟ್ಟುವ ಮೊದಲೇ ರಜೆ ಮುಗಿಸಿ ಹೋದವರು ಕಾಕ. ಹಾಗಾಗಿ ಅವಳಿಗೆ ಉಪ್ಪ, ಅಂದರೆ ಅಪ್ಪ, ಆ ಫೋನಿನೊಳಗೇ ಇದ್ದರು.

ನಮ್ಮ ಅರೆಭಾಷೆಯ ಮನೆಗಳಲ್ಲಾಗಲಿ ಅವರ ಬ್ಯಾರಿ ಮನೆಗಳಲ್ಲಾಗಲಿ ಸಂಬಂಧದ ಹೆಸರಿಗೆ ಬರಗಾಲ ಇರಲಿಲ್ಲ. ಅಪ್ಪನ ಅಣ್ಣನಿಗೆ ಒಂದು, ಅಮ್ಮನ ತಮ್ಮನಿಗೆ ಇನ್ನೊಂದು. ಬರೀ ನೆರೆಮನೆಯವಳಾದ ನಾನೂ ಆ ಮಗುವಿಗೆ ದೊಡ್ಡಮ್ಮ. ಅಂಕಲ್ ಎಂಬ ಶಬ್ದ ಈ ಯಾವ ಲೆಕ್ಕಕ್ಕೂ ಸೇರದವರಿಗೆ. ಕರೆಂಟಿನ ಮೀಟರ್ ನೋಡಲು ಬಂದವನು ಅಂಕಲ್, ಬಸ್ಸಿನಲ್ಲಿ ಜಾಗ ಬಿಟ್ಟವನು ಅಂಕಲ್. ಅವರ ಮನೆಗೆ ಇನ್ನೂ ಒಂದು ಬಗೆಯ ಅಂಕಲ್‌ಗಳು ಬರುತ್ತಿದ್ದರು. ಗಲ್ಫಿನಿಂದ ರಜೆಗೆ ಹೊರಟವರು ಅಲ್ಲೇ ಉಳಿದವರ ಮನೆಗೂ ಪೆಟ್ಟಿಗೆ ಹೊತ್ತು ತರುವುದು ರೂಢಿ. ಬಂದವರಿಗೆ ಸಲಾಂ ಹೇಳು, ಈ ಅಂಕಲ್ ಕೈಯಲ್ಲಿ ಉಪ್ಪ ಕೊಟ್ಟು ಕಳಿಸಿದ್ದಾರೆ ಎಂದು ತಾಯಿ ಕಲಿಸಿದ್ದಳು. ಪೆಟ್ಟಿಗೆ ತರುವವರು ಅಂಕಲ್, ಕಳಿಸುವವರು ಉಪ್ಪ. ಮಗು ಸರಿಯಾಗಿಯೇ ಕಲಿತಿತ್ತು.

ಅವಳಿಗೆ ನಾಲ್ಕು ತುಂಬಿದಾಗ ಕಾಕ ತಾವೇ ಪೆಟ್ಟಿಗೆ ಹೊತ್ತು ಬಂದರು. ಪತ್ತಿರ್ ರೊಟ್ಟಿ ತಟ್ಟಲು ಕೈ ಜೋಡಿಸೋಣವೆಂದು ಹೋಗಿದ್ದ ನಾನೂ ಅಲ್ಲಿದ್ದೆ. ಕಪಾಟಿನ ಕನ್ನಡಿಗೆ ಸಿಕ್ಕಿಸಿದ್ದ ಫೋಟೋದಲ್ಲಿ ಅವರಿಗೆ ದಪ್ಪ ಮೀಸೆ, ತಲೆತುಂಬ ಕೂದಲು. ಬಂದವರಿಗೆ ಬೋಳು ತಲೆ, ಗಡ್ಡ. ಮಗು ಚಂದಕ್ಕೆ ಸಲಾಂ ಹೇಳಿ ಪೆಟ್ಟಿಗೆಯ ಹತ್ತಿರ ಕೂತಿತು.

"ಅಂಕಲ್, ಉಪ್ಪ ಎಂತ ಕೊಟ್ಟಿದ್ದಾರೆ?"

ಎಲ್ಲರೂ ನಕ್ಕರು. ಕಾಕನೂ ನಕ್ಕರು. ಹಗ್ಗ ಬಿಚ್ಚುವಾಗ ಮಾತ್ರ ಅವರಿಗೆ ಗಂಟು ಸಿಗಲೇ ಇಲ್ಲ. ಇವರೇ ಉಪ್ಪ ಎಂದು ತಾಯಿ ಗದರಿಸಿದರೆ ಮಗಳು ಫೋಟೋ ತೋರಿಸಿ, ಸುಳ್ಳು ಎಂದು ಕಿಸಕ್ಕನೆ ನಗುತ್ತಿದ್ದಳು. ಹೆದರಿಸಿ ಹೇಳಿಸುವುದು ಬೇಡ ಎಂದರು ಕಾಕ. ಆಮೇಲೆ ಅಂಗಳದಲ್ಲಿ ಸಿಕ್ಕಿದಾಗ ನನ್ನ ಹತ್ತಿರ ಅಂದರು, "ಹೋಗುವ ಮೊದಲು ಒಮ್ಮೆ ಅವಳ ಬಾಯಲ್ಲಿ ಉಪ್ಪ ಅಂತ ಕೇಳಿದ್ರೆ ಸಾಕು ಅಕ್ಕ."

ಅವಳಿಗೆ ಆ ಅಂಕಲ್ ಮೇಲೆ ಪ್ರೀತಿ ಬಾರದೇ ಇರಲಿಲ್ಲ. ಹೆಗಲೇರಿ ಅಂಗಡಿಗೆ ಹೋಗುತ್ತಿದ್ದಳು, ಅವರ ಕೈಯಿಂದಲೇ ತಲೆ ಬಾಚಿಸಿಕೊಳ್ಳುತ್ತಿದ್ದಳು. ಆದರೂ ಶುಕ್ರವಾರ ಬಂದದ್ದೇ, ಒಬ್ಬಳೇ ಓಡಿಬಂದು ನಮ್ಮ ಫೋನಿನ ಪಕ್ಕ ಕೂತಳು. ಹುಡುಕಿಕೊಂಡು ಬಂದ ಕಾಕ ಹೊಸಿಲಲ್ಲೇ ನಿಂತರು. ಇವತ್ತು ಉಪ್ಪ ಫೋನ್ ಮಾಡುವ ದಿನವಲ್ಲವಾ ಎಂದು ಅವಳು ನನ್ನನ್ನು ಕೇಳುತ್ತಿದ್ದದ್ದು ಅವರ ಕಿವಿಗೂ ಬಿತ್ತು. ತಿರುಗಿ ರಸ್ತೆಗೆ ಇಳಿದುಹೋದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ನಾನೇ ಎತ್ತಿದೆ. ಕಾಕ. ಕೆಳಗೆ ರಸ್ತೆ ಬದಿಯ ಫೋನ್ ಬೂತಿನಿಂದ. ಮಗುವಿಗೆ ಕೊಡಿ ಎಂದರು, ಕೊಟ್ಟೆ.

"ಉಪ್ಪಾ, ಮನೆಯಲ್ಲಿ ಒಬ್ಬರು ಅಂಕಲ್ ಇದ್ದಾರೆ. ಒಳ್ಳೆಯವರು. ನೀವು ಯಾವಾಗ ಬರುದು?"

ಆ ಕಡೆಯಿಂದ ಏನು ಹೇಳಿದರೋ... ನನಗೆ ಕೇಳಿಸಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸೆರಗಿಗೆ ಮುಖ ಒರೆಸಿಕೊಂಡೆ.

ರಜೆ ಮುಗಿಯಿತು. ಹೊರಟ ದಿನ ಅವಳು ಒಳಗಿನಿಂದ ಹಲಸಿನ ಹಪ್ಪಳದ ಕಟ್ಟು ತಂದು ಕಾಕನ ಕೈಗೆ ಕೊಟ್ಟಳು. ಅಂಕಲ್‌ಗಳು ವಾಪಸು ಹೋಗುವಾಗ ಹಾಗೆ ಕೊಡುವ ಕ್ರಮ ಅವಳಿಗೆ ಗೊತ್ತಿತ್ತು.

"ಇದು ಉಪ್ಪನಿಗೆ. ನೀವು ತಿನ್ನಬೇಡಿ."

"ತಿನ್ನುದಿಲ್ಲ. ಉಪ್ಪನಿಗೇ ಕೊಡ್ತೇನೆ," ಎಂದರು ಕಾಕ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಆ ಕಟ್ಟು ಅವರ ಮಡಿಲಲ್ಲೇ ಇತ್ತು.

ದೊಡ್ಡವಳಾಗುತ್ತ ಆ ಅಂಕಲೇ ಉಪ್ಪ ಎಂದು ಅವಳಿಗೆ ತಿಳಿಯಿತು. ಆದರೆ ಮುಂದಿನ ರಜೆಗೆ ಕಾಕ ಬರಲಿಲ್ಲ. ಅಲ್ಲಿಯ ಕೋಣೆಯಲ್ಲಿ ಮಲಗಿದವರು ಏಳಲಿಲ್ಲವಂತೆ. ಮಣ್ಣು ಮಾಡಿದ್ದೂ ಅಲ್ಲೇ. ಯಾರೋ ಒಬ್ಬರು ಅವರ ಬ್ಯಾಗು ತಂದು ಜಗಲಿಯಲ್ಲಿಟ್ಟರು. ಅವಳು ಸಲಾಂ ಹೇಳಿ ಒಳಗೆ ಹೋದಳು. ಉಪ್ಪ ಎಂತ ಕೊಟ್ಟಿದ್ದಾರೆಂದು ಕೇಳಲಿಲ್ಲ.

ಮೊನ್ನೆ ಸೋಪು ಕೊಟ್ಟು ಹೊರಟವಳು ಜಗಲಿಯಲ್ಲಿ ನಿಂತಳು. ಅವಳ ತಾಯಿ ಈಗಿಲ್ಲ. ಕೇಳಲು ಉಳಿದವಳು ನಾನೊಬ್ಬಳೇ.

"ದೊಡ್ಡಮ್ಮ, ನಾನು ಒಮ್ಮೆಯಾದ್ರೂ ಅವರನ್ನು ಎದುರಿಗೆ ಉಪ್ಪ ಅಂತ ಕರೆದದ್ದುಂಟಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಆ ಶುಕ್ರವಾರದ ಫೋನಿನ ವಿಷಯ ಹೇಳಿದೆ. ಆ ದಿನ ಅವರು ಗಲ್ಫಿನಲ್ಲಿರಲಿಲ್ಲ ಮಗಾ, ಕೆಳಗಿನ ಬೂತಿನಲ್ಲಿದ್ದರು ಎಂದೆ.

"ಎಷ್ಟು ದೂರ ಅದು?"

"ಇಲ್ಲಿಂದ ಕಾಣ್ತದೆ."

ಬೂತು ಹೋಗಿ ಅಲ್ಲೀಗ ಮೊಬೈಲ್ ಅಂಗಡಿಯಾಗಿದೆ. ಅವಳು ಜಗಲಿಯ ಕಂಬ ಹಿಡಿದು ಆ ಕಡೆಗೇ ನೋಡುತ್ತ ನಿಂತಳು. ಆಮೇಲೆ ಬಹಳ ಮೆಲ್ಲಗೆ, ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಉಪ್ಪಾ ಎಂದಳು.