ವಿಮಾನಕ್ಕೆ ಕಾಲು ಕಟ್ಟಿದ ಮೊಗುಲಪ್ಪ

ನಾರಾಯಣಪೇಟೆಯ ಮಗ್ಗದವರ ಓಣಿಯಲ್ಲಿ ಮೊಗುಲಪ್ಪ ವಾದದಲ್ಲಿ ಸೋತದ್ದನ್ನು ಕಂಡವರಿಲ್ಲ. ಸೀರೆಯ ಅಂಚಿನಿಂದ ಹಿಡಿದು ಚಂದ್ರನ ಮೇಲಿನ ನೀರಿನವರೆಗೆ ಯಾವ ವಿಷಯ ಬಂದರೂ ಕೊನೆಯ ಮಾತು ಅವನದೇ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ತೋರುಬೆರಳು ಎತ್ತಿದನೆಂದರೆ ಎದುರಿಗಿದ್ದವರು ಬಸ್ಸಿನ ನೆಪ ಹೇಳಿ ಎದ್ದುಬಿಡುತ್ತಿದ್ದರು. ಊರಿನಲ್ಲೇ ಇರುವವರಿಗೂ ಆ ಹೊತ್ತಿಗೆ ಎಲ್ಲಿಗಾದರೂ ಬಸ್ಸು ಇರುತ್ತಿತ್ತು. ‘ತಪ್ಪು ನಂದು’ ಎಂದು ಅವನು ಹೇಳಿದ್ದನ್ನು ಮೂವತ್ತು ವರ್ಷಗಳ ಗೆಳೆತನದಲ್ಲಿ ನಾನು ಒಂದೇ ಸಲ ಕೇಳಿದ್ದೇನೆ.

ಹರೆಯದಲ್ಲಿ ಅವನು ಹೈದರಾಬಾದಿಗೆ ಹೋಗಿ, ಸಣ್ಣ ವಿಮಾನಗಳನ್ನು ನಿಲ್ಲಿಸುವ ಒಂದು ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದ. ಕಸ ಗುಡಿಸುವುದರಿಂದ ಶುರುಮಾಡಿ ಗಾಲಿ ಬಿಚ್ಚಿ ಕಟ್ಟುವತನಕ ಏರಿದ್ದ. ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ. ಕಾಲು ಕುಣಿಯಲ್ಲಿದ್ದರೂ ತಲೆ ಮಾತ್ರ ಮೇಲೆಯೇ ಉಳಿದಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಹಿತ್ತಲಲ್ಲಿ ಒಂದು ವಿಮಾನ ಕಟ್ಟಲು ನಿಂತ. ಉಕ್ಕಿನ ಕೊಳವೆಯ ಹಂದರ, ಮೇಲೆ ತಾನೇ ನೆಯ್ದ ಗಟ್ಟಿ ಬಟ್ಟೆ, ಹಳೆಯ ವ್ಯಾನಿನ ಇಂಜಿನ್, ಒಬ್ಬರಿಗೇ ಜಾಗ.

“ಹಾರಾಕ ಸರಕಾರದ ಪರವಾನಗಿ ಬೇಕಪಾ” ಎಂದು ನಾನು ಹೇಳಿದೆ.

“ಹಾರಾಕ ಬೇಕ್ರೀ ಮಾಸ್ತರ್ರ. ನಾ ನೆಲದ ಮ್ಯಾಲೆ ಓಡಸ್ತೀನಿ. ಅದು ತಾನಾಗೇ ಎದ್ರ ನಾ ಏನ್ ಮಾಡ್ಲಿ?” ಎಂದ.

ಹೆಂಡತಿ ಬುಗ್ಗಮ್ಮ ಮೂರು ವರ್ಷ ವಿಮಾನದ ಸುದ್ದಿ ಎತ್ತಲಿಲ್ಲ. ಅದರ ಹೆಸರನ್ನೂ ಹೇಳುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದಳು. ‘ಅದು’ ಬಂದ ಮೇಲೆ ಬಟ್ಟೆ ಒಣಹಾಕುವ ಹಗ್ಗ ಮೂರು ಸಲ ಜಾಗ ಬದಲಿಸಿತು. ಅವಳ ಕೆಲಸ ಹಾಸು, ಅಂದರೆ ಮಗ್ಗದ ಉದ್ದೆಳೆ, ಹದಮಾಡುವುದು. ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುತ್ತಾರೆ, ಆಮೇಲೆ ತುಸು ಶೇಂಗಾ ಎಣ್ಣೆ ಮುಟ್ಟಿಸಿದ ಕುಂಚ ಆಡಿಸುತ್ತಾರೆ. ಎಣ್ಣೆ ಕಾಣದ ಎಳೆ ಮಗ್ಗದ ಜಗ್ಗಾಟಕ್ಕೆ ತಡೆಯದೆ ಹರಿಯುತ್ತದೆ. ಆ ಓಣಿಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೈ ಸಿದ್ಧವಾಯಿತು. ಉಳಿದದ್ದು ಕಾಲು. ವಿಮಾನ ಏರುವಾಗ ಕಾಲಿನ ಕೆಲಸ ಇಲ್ಲ, ಇಳಿಯುವಾಗಲೇ ಇರುವುದು. ನೆಲದ ಪೆಟ್ಟನ್ನು ಕಾಲು ನುಂಗಿಕೊಳ್ಳದಿದ್ದರೆ ಆ ಪೆಟ್ಟನ್ನು ಕೂತವನ ಬೆನ್ನು ನುಂಗಬೇಕು. ಬುಗ್ಗಮ್ಮ ನಿದ್ದೆಗೆಟ್ಟದ್ದು ಇದಕ್ಕೇ. ಏರಿದರೆ ಏರಲಿ, ಇಳಿಯುವುದು ಹೇಗೆ?

ಬೈಕ್ ಮೆಕ್ಯಾನಿಕ್ ಮಹೇಂದರ್, ಬೈಕಿನ ಶಾಕ್ ಅಬ್ಸಾರ್ಬರ್ ಹಾಕು ಎಂದ. ಹಾಕಿದರು. ಬೇವಿನ ಮರದ ಕೊಂಬೆಗೆ ರಾಟೆ ಕಟ್ಟಿ, ಹಂದರದೊಳಗೆ ಮೊಗುಲಪ್ಪನ ತೂಕದಷ್ಟು ಮರಳಿನ ಚೀಲ ಕೂಡಿಸಿ, ಮೊಳದೆತ್ತರದಿಂದ ಬಿಟ್ಟರು. ಹಂದರ ಹೋತದ ಮರಿಯಂತೆ ಪುಟಿದು ಬುಗ್ಗಮ್ಮನ ತುಳಸಿಕಟ್ಟೆಗೆ ಹಾಯಿತು. ಮಹೇಂದರನಿಗೆ ಆಗಲೇ ಎಲ್ಲಿಗೋ ಬಸ್ಸು ಇತ್ತು.

ಮಕ್ತಲ್‌ನಲ್ಲಿ ಲಾರಿಗಳ ಪಟ್ಟಿ ಕಟ್ಟುವ ಬೀರಯ್ಯ ಮಾತ್ರ ಬಸ್ಸಿಗೆ ಹೆದರುವ ಆಸಾಮಿಯಲ್ಲ. ಲಾರಿಯ ಗಾಲಿಯ ಮೇಲೆ ಬಿಲ್ಲಿನಂತೆ ಬಾಗಿ ಕೂತಿರುವ ಉಕ್ಕಿನ ಪಟ್ಟಿಯೇ ಅವನ ವೇದ. ವಾದದಲ್ಲಿ ಮೊಗುಲಪ್ಪನಿಗೆ ಸರಿಸಾಟಿ ಎಂದರೆ ಅವನೊಬ್ಬನೇ, ಅದಕ್ಕೇ ಗೆಳೆಯ.

“ಇಪ್ಪತ್ತು ಟನ್ ಹೊರ್ತೈತಿ ಇದು. ನಿನ್ನ ಗುಬ್ಬೀನ ಹೊರಂಗಿಲ್ಲೇನು?” ಎಂದು ಒಂದು ಜೊತೆ ಪಟ್ಟಿ ತಂದು ಹಾಕಿದ.

“ಹೊರ್ತೈತಿ. ಗುಬ್ಬಿ ಇದನ್ನ ಹೊರಬೇಕಲ್ಲೋ ಮಳ್ಳ! ಇದನ್ನ ಕಟ್ಟಿದ್ರ ರಾಯಚೂರತನ ಓಡಿದ್ರೂ ಮ್ಯಾಲೇಳಂಗಿಲ್ಲ.”

“ಏಳದಿದ್ರ ಚಲೋನ ಆತು. ಬೀಳಂಗಿಲ್ಲ.”

ಮೊಗುಲಪ್ಪ ಆರಿಸಿದ್ದು ಮೂರನೆಯದನ್ನು, ರಬ್ಬರಿನ ಹಗ್ಗ. ವಿಮಾನದ ಎರಡು ಕಾಲುಗಳು ಹೊಟ್ಟೆಯ ಕೆಳಗೆ ಬಾಗಿಲಿನಂತೆ ಬಿಜಾಗರಿಯ ಮೇಲೆ ಕೂತಿರುತ್ತವೆ. ನೆಲ ತಾಗಿದಾಗ ಎರಡೂ ಹೊರಕ್ಕೆ ಅಗಲುತ್ತವೆ, ಕಾಲಿಗೊಂದರಂತೆ ಸುತ್ತಿದ ಹಗ್ಗ ಅವುಗಳನ್ನು ಜಗ್ಗಿ ಹಿಡಿಯುತ್ತದೆ. ಹೈದರಾಬಾದಿನಲ್ಲಿ ಅಂಥದನ್ನು ಅವನು ಎಷ್ಟೋ ಕಟ್ಟಿದ್ದ. ನೂರಾರು ರಬ್ಬರ್ ಎಳೆಗಳನ್ನು ಒಟ್ಟುಮಾಡಿ, ಗದ್ವಾಲಿನಿಂದ ಸಣ್ಣ ಹತ್ತಿನೂಲು ತರಿಸಿ, ಅವುಗಳ ಮೇಲೆ ತಾನೇ ಒಂದು ಒರೆ ಹೆಣೆದ. ಮುಗಿದಾಗ ಅದು ರಬ್ಬರಿನ ವಸ್ತುವೆಂದು ಯಾರೂ ಹೇಳುವಂತಿರಲಿಲ್ಲ. ಮಗ್ಗಕ್ಕೆ ಏರಿಸಲು ಸುತ್ತಿಟ್ಟ ಹಾಸಿನ ಹಾಗೆ ಬೆಳ್ಳಗೆ, ಬಿಗಿಯಾಗಿ ಇತ್ತು.

ಜನವರಿಯಲ್ಲಿ ಬೇವಿನ ಮರದಿಂದ ಹನ್ನೊಂದು ಸಲ ಕೆಡವಿದರು. ಹನ್ನೊಂದು ಸಲವೂ ಹಂದರ ಮೆತ್ತಗೆ ಕೂತು ಎದ್ದು ನಿಂತಿತು. ಬೀರಯ್ಯ ಹನ್ನೆರಡನೆಯದಕ್ಕೆ ಕಾದು ನೋಡಿ ಬೀಡಿ ಹಚ್ಚಿಕೊಂಡ.

ಆಮೇಲಿನ ಮೂರು ತಿಂಗಳು ಚಹಾದಂಗಡಿಯಲ್ಲಿ ರಬ್ಬರಿನದೇ ಪುರಾಣ. “ರಬ್ಬರಿಗೆ ಎಣ್ಣಿ ಅಂದ್ರ ವಿಷ ತಿಳೀತೇನ್ರೀ? ಎಣ್ಣಿ ಕೈಲೆ ಹಗ್ಗ ಮುಟ್ಟಿದ್ರ ನಮ್ಮ ದೊಡ್ಡ ಮೆಕ್ಯಾನಿಕ್ ಕಪಾಳಕ್ಕ ಬಿಡ್ತಿದ್ದ!” ಇದನ್ನು ನನಗೆ ನಾಲ್ಕು ಸಲ ಹೇಳಿದ. ಚಹಾದವನಿಗೆ ಹೇಳಿದ. ಬಸ್ಸು ತಪ್ಪಿ ಕೂತಿದ್ದ ಮರಿಕಲ್ ಊರಿನ ಯಾವನೋ ಮುದುಕನಿಗೆ ತೋರುಬೆರಳು ಎತ್ತಿ ಹೇಳಿದ. ಮನೆಯಲ್ಲಿ ಮಾತ್ರ ಅದರ ಮಾತು ಇರಲಿಲ್ಲ. ಅವಳು ಕೇಳುತ್ತಿರಲಿಲ್ಲ, ಇವನು ಹೇಳುತ್ತಿರಲಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ, ಮಕ್ತಲ್‌ ಆಚೆ ನೀರಿಲ್ಲದೆ ಬಿರಿದಿದ್ದ ಒಂದು ಕೆರೆಯಂಗಳಕ್ಕೆ ವಿಮಾನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಬಂತು. ನೋಡಲು ಇಪ್ಪತ್ತು ಮಂದಿ ಇದ್ದರು. ಬೀರಯ್ಯ ತನ್ನ ಪಟ್ಟಿಗಳನ್ನೂ ಹೊತ್ತು ತಂದಿದ್ದ, ಕೊನೆಯ ಗಳಿಗೆಯಲ್ಲಿ ಬುದ್ಧಿ ಬಂದರೆ ಇರಲಿ ಎಂದು. ಬುಗ್ಗಮ್ಮನೂ ಬಂದಿದ್ದಳು. ಜಾಲಿಯ ನೆರಳಿನಲ್ಲಿ ಬುತ್ತಿಯ ಡಬ್ಬಿ ಹಿಡಿದು ನಿಂತಳು, ಇಳಿದ ಮೇಲೆ ಅವನಿಗೆ ಹಸಿವಾಗುತ್ತದೆ ಎಂದು.

ವಿಮಾನ ಓಡಿತು. ಹೇಳಿದಂತೆ ತಾನಾಗೇ ಎದ್ದಿತು. ತಾಳೆಮರದ ಎತ್ತರದಲ್ಲಿ ಕೆರೆಯ ಈ ದಡದಿಂದ ಆ ದಡದತನಕ ಹೋಯಿತು. ಬೀರಯ್ಯನ ಬೀಡಿ ತುಟಿಯಿಂದ ಬಿತ್ತು. ಆಮೇಲೆ ಇಳಿಯಿತು. ಗಾಲಿಗಳು ನೆಲ ಮುಟ್ಟಿದವು, ಕಾಲುಗಳು ಅಗಲಿದವು. ಬಲಗಾಲು ಅಗಲಿದ್ದು ಹಿಂದಕ್ಕೆ ಬರಲಿಲ್ಲ. ರೆಕ್ಕೆ ನೆಲದಲ್ಲಿ ಹೂತು ಇಡೀ ವಿಮಾನ ಮಗುಚಿಬಿತ್ತು. ಇಂಜಿನ್ ಹಿಂದಕ್ಕೆ ಸರಿದು ಮೊಗುಲಪ್ಪನ ಬಲಗಾಲಿನ ಮೇಲೆ ಕೂತಿತು.

ಬುತ್ತಿಯ ಡಬ್ಬಿ ಬಿದ್ದ ಸದ್ದು ನನಗೆ ಅಷ್ಟು ದೂರಕ್ಕೂ ಕೇಳಿಸಿತು.

ಮೊಳಕಾಲಿನ ಕೆಳಗಿನದನ್ನು ಡಾಕ್ಟರರು ತೆಗೆದರು. ಎಂಟನೆಯ ದಿನ ನಾನು, ಬೀರಯ್ಯ ಆಸ್ಪತ್ರೆಗೆ ಹೋದೆವು. ಹೋಗುವಾಗ ಹಣ್ಣು ಒಯ್ಯುವುದು ಲೋಕರೂಢಿ. ಬೀರಯ್ಯ ಸಿಮೆಂಟ್ ಚೀಲದಲ್ಲಿ ಹರಿದ ಹಗ್ಗ ಒಯ್ದಿದ್ದ.

“ನೋಡಪಾ, ಮಾಸ್ತರ್ರ ಸಾಕ್ಷಿ. ನಾ ಹೇಳಿದ್ನೋ ಇಲ್ಲೋ, ಪಟ್ಟಿ ಹಾಕು ಅಂತ?”

ಮೊಗುಲಪ್ಪ ಹಗ್ಗ ಇಸಿದುಕೊಂಡ. ಹರಿದ ತುದಿಯನ್ನು ಹಿಚುಕಿದ. ಹತ್ತಿಯ ಒರೆ ಗಟ್ಟಿಮುಟ್ಟಾಗಿಯೇ ಇತ್ತು, ಒಳಗಿನ ರಬ್ಬರ್ ಬಿಸಿಲಿಗಿಟ್ಟ ಬೆಲ್ಲದ ಹಾಗೆ ಬೆರಳಿಗೆ ಅಂಟಿಕೊಂಡು ಬಂತು. ಬೆರಳನ್ನು ಮೂಗಿನ ಹತ್ತಿರ ಹಿಡಿದ. ಅಲ್ಲಿ ನಿಂತ ನನಗೂ ವಾಸನೆ ಬಡಿಯಿತು. ಶೇಂಗಾ ಎಣ್ಣೆ.

ಅಷ್ಟರಲ್ಲಿ ಬುಗ್ಗಮ್ಮ ಔಷಧದ ಚೀಟಿ ಹಿಡಿದುಕೊಂಡು ಒಳಗೆ ಬಂದಳು. ಹಗ್ಗ ಕಂಡವಳೇ ಅಲ್ಲೇ ನಿಂತಳು.

“ಯಾಕ ಹರೀತೋ ಗೊತ್ತಾಗವಲ್ದು ಅಣ್ಣಾ” ಎಂದಳು ನನ್ನ ಕಡೆ ತಿರುಗಿ. “ಇವರಿಗೆ ಹೇಳಿಲ್ಲ ನಾ. ಕಟ್ಟಿದಾಗಿಂದ ಶುಕ್ರವಾರಕ್ಕೊಮ್ಮೆ, ಇವರು ಚಹಾದಂಗಡಿಗೆ ಹೋದಾಗ, ಕುಂಚ ಆಡ್ಸೀನಿ. ಹದಿಮೂರು ಶುಕ್ರವಾರ. ಹಾಸಿನ ನೂಲಿಗೆ ತುಸುನ ಹಚ್ಚತೀವಿ, ಇದಕ್ಕ ಕೈತುಂಬ ಹಚ್ಚೀನಿ. ಬಲಗಡೀದು ಜಗ್ಗಿ ಬಿಗಿ ಅನಸ್ತಿತ್ತು, ಅದಕ್ಕ ಇನ್ನಷ್ಟು. ಅವತ್ತು ಮುಂಜಾನೆ ಟ್ರಾಲಿ ಹೊಂಡೂ ಮುಂದಾನೂ ಹಚ್ಚೀನಿ. ಅಷ್ಟು ಎಣ್ಣಿ ಕುಡದ ಎಳಿ ಹೆಂಗ ಹರೀತೈತಿ?”

ಬೀರಯ್ಯನ ಬಾಯಿ ತೆರೆಯಿತು. “ಎಣ್ಣಿ? ಅಲ್ಲವ್ವ, ರಬ್ಬರಿಗೆ ಎಣ್ಣಿ ಹ…”

“ಬೀರಯ್ಯ!”

ಮಲಗಿದಲ್ಲಿಂದಲೇ ಮೊಗುಲಪ್ಪನ ತೋರುಬೆರಳು ಎದ್ದಿತ್ತು.

“ನೀ ಗೆದ್ದಿ. ಪಟ್ಟಿನ ಹಾಕಬೇಕಿತ್ತು. ರಬ್ಬರು ಆರಿಸಿದ್ದ ತಪ್ಪು. ತಪ್ಪು ನಂದು.”

ಇಷ್ಟು ವರ್ಷ ಬೀರಯ್ಯ ಕಾದಿದ್ದ ಮಾತು ಅದು. ಕೇಳಿ ಅವನ ಮುಖ, ಕಡ ಕೊಟ್ಟ ಕೊಡಲಿ ಕಾಲ ಮೇಲೆ ಬಿದ್ದವನ ಮುಖದಂತಾಯಿತು.

“ಹಂಗಾದ್ರ ಎಣ್ಣಿ ಹಚ್ಚಿದ್ದು…?” ಎಂದಳು ಬುಗ್ಗಮ್ಮ.

“ಹಚ್ಚಿದ್ದಕ್ಕ ಅಷ್ಟರ ತಡೀತು. ಇಲ್ಲಂದ್ರ ಮ್ಯಾಲೇಳೂದ್ರಾಗ ಹರೀತಿತ್ತು. ಜೀವ ಉಳೀತಲ್ಲ, ಅದು ನೀ ಹಚ್ಚಿದ ಎಣ್ಣಿಲೆ.”

ಎಂಟು ದಿನ ಕಣ್ಣೀರು ಹಾಕದಿದ್ದವಳು ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತ ಮೇಲೆ ಹಗುರಾಗಿ, ನಮ್ಮಿಬ್ಬರಿಗೂ ಚಹಾ ತರಿಸಿದಳು.

ಹೊರಗೆ ಮೆಟ್ಟಿಲ ಮೇಲೆ ಬೀರಯ್ಯ ಹೇಳಿದ: “ಅವನ ಹಗ್ಗ ಬರೊಬ್ಬರಿ ಇತ್ರೀ ಮಾಸ್ತರ್ರ. ಹನ್ನೊಂದು ಸಲ ನೋಡೀನಿ ನಾ.” ಸಿಮೆಂಟ್ ಚೀಲವನ್ನು ಅವನು ಮಕ್ತಲ್‌ಗೆ ಒಯ್ದು ತನ್ನ ಕುಲುಮೆಗೆ ಹಾಕಿದ.

ಈಗ ಒಂದು ವರ್ಷದ ಮೇಲಾಯಿತು. ಕುಣಿಮಗ್ಗಕ್ಕೆ ಎರಡು ಕಾಲು ಬೇಕು, ಆದ್ದರಿಂದ ಆ ಮಗ್ಗದಲ್ಲಿ ಓಣಿಯ ಬೇರೊಬ್ಬರು ನೇಯುತ್ತಾರೆ. ಮೊಗುಲಪ್ಪ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಚಹಾದಂಗಡಿಗೆ ಬರುತ್ತಾನೆ. ಚಂದ್ರನ ಮೇಲಿನ ನೀರಿನ ವಾದ ಈಗಲೂ ಇದೆ. ರಬ್ಬರಿನ ಮಾತು ಬಂದರೆ ಮಾತ್ರ, “ಅದರ ಬಗ್ಗೆ ನನಗ ಗೊತ್ತಿಲ್ಲಪಾ, ಬೀರಯ್ಯನ್ನ ಕೇಳ್ರಿ” ಎನ್ನುತ್ತಾನೆ. ಜನ ಬಸ್ಸಿಗೆ ಏಳುವುದನ್ನು ಬಿಟ್ಟಿದ್ದಾರೆ, ಪಾಪ ಎಂದು ಕೂತು ಕೇಳುತ್ತಾರೆ. ಅದು ಅವನಿಗೆ ಕಾಲು ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿರಬೇಕು.

ಊರುಗೋಲಿನ ಬುಡಕ್ಕೆ ನೆಲ ಹಿಡಿಯಲೆಂದು ರಬ್ಬರಿನ ಟೋಪಿ ಇದೆ. ಬುಗ್ಗಮ್ಮ ಶುಕ್ರವಾರಕ್ಕೊಮ್ಮೆ ಅದಕ್ಕೂ ಎಣ್ಣೆಯ ಕುಂಚ ಆಡಿಸುತ್ತಾಳೆ. ಜೀವ ಉಳಿಸಿದ ಎಣ್ಣೆ, ಬಿಡುವುದುಂಟೆ? ತಿಂಗಳೆರಡು ತಿಂಗಳಿಗೆ ರಬ್ಬರ್ ಮೆತ್ತಗಾಗುತ್ತದೆ. ಬೀರಯ್ಯ ಲಾರಿಯ ಹಳೆಯ ಟಯರು ಕೊಯ್ದು ಅದೇ ಅಳತೆಯ ಹೊಸದನ್ನು ಮಾಡಿ ಬಸ್ಸಿನಲ್ಲಿ ಕಳಿಸುತ್ತಾನೆ. ಮೊಗುಲಪ್ಪ ಚಹಾದಂಗಡಿಯ ಹಿಂದೆ ಕೂತು ಬದಲಿಸಿಕೊಳ್ಳುತ್ತಾನೆ.

ಹೋದ ತಿಂಗಳು ಹೊಸ ಟೋಪಿ ತರುವ ಬಸ್ಸು ತಡವಾಯಿತು. ಮಳೆ ಬಿದ್ದ ಕಲ್ಲಿನ ಮೇಲೆ ಊರುಗೋಲು ಜಾರಿ ಮೊಗುಲಪ್ಪ ಮನೆಯ ಬಾಗಿಲಲ್ಲೇ ಬಿದ್ದು ಮುಂಗೈ ಮುರಿದುಕೊಂಡ. ಹೆಂಗ ಬಿದ್ರೀ ಎಂದು ಅವಳು ಕೇಳಿದ್ದಕ್ಕೆ, ಕಲ್ಲು ಪಾಚಿಗಟ್ಟೈತಿ ಎಂದ.

ಆ ಶುಕ್ರವಾರ ಬುಗ್ಗಮ್ಮ ಎರಡು ಸಲ ಕುಂಚ ಆಡಿಸಿದಳು.