ನುಗ್ಗೆ ಮರದ ಕಂಬಳಿಹುಳು

ಕೊಡಿಯಾಲ್‌ಬೈಲಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ನಾನಿಟ್ಟ ಕರಿಬೇವಿನ ಕುಂಡದಲ್ಲಿ ಏಳು ಹಸಿರು ಹುಳುಗಳಿದ್ದವು. ಚಿಟ್ಟೆಯಾಗಲಿ ಎಂದು ಬಿಟ್ಟಿದ್ದೆ. ಕೆಳಮನೆಯ ಹೆಂಗಸು ಕೈತುಂಬ ದದ್ದು ತೋರಿಸುತ್ತ ಬಂದರು.

"ನಿಮ್ಮ ಹುಳದಿಂದಲೇ ಆದದ್ದು. ಎಂತಕ್ಕೆ ಸಾಕ್ತೀರಿ ಇದನ್ನು?"

"ಇವು ಕರಿಬೇವು, ನಿಂಬೆ ಎಲೆ ತಿಂದುಕೊಂಡು ಇರ್ತವೆ. ಮೈಯಲ್ಲಿ ರೋಮವೇ ಇಲ್ಲ, ತುರಿಸುವುದು ಹೇಗೆ?" ಎಂದೆ.

ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವರು ಗಿಡಕ್ಕೆ ವಿಷ ಹೊಡೆದಿದ್ದರು. ಏಳೂ ಸತ್ತಿದ್ದವು.

ಅವರು ಬಟ್ಟೆ ಒಣಗಿಸುವ ಹಗ್ಗವನ್ನು ಕಟ್ಟಡದ ಹಿಂದಿನ ನುಗ್ಗೆ ಮರಕ್ಕೆ ಕಟ್ಟಿದ್ದರು. ಅದರ ಕಾಂಡದ ತುಂಬ ಕಂಬಳಿಹುಳುಗಳು ಅಂಟಿಕೊಂಡಿದ್ದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ತುರಿಕೆ ಅವುಗಳ ರೋಮದಿಂದ ಎಂದು ಗೊತ್ತಿದ್ದರೂ ನಾನು ಅವರಿಗೆ ಹೇಳಲಿಲ್ಲ.

ವಾರದ ಬಳಿಕ ಲಿಫ್ಟಿನಲ್ಲಿ ಸಿಕ್ಕರು. ಮುಖ ಊದಿತ್ತು.

"ತುರಿಕೆ ಇನ್ನೂ ಉಂಟು ಮಾರಾಯ್ರೆ," ಎಂದರು.

"ಹೌದಾ," ಎಂದಷ್ಟೇ ಹೇಳಿ ಇಳಿದೆ. ನನಗೆ ಮರುಕ ಬರಲಿಲ್ಲ.