ಸೊಂಟಕ್ಕೆ ಕಟ್ಟಿದ ಮೂಟೆ

ರೈಲು ಹೊರಟೇಬಿಟ್ಟಿತು. ಸೀರೆಯ ಮೂಟೆ ಮತ್ತು ನಾನು ಒಳಗೆ, ಹತ್ತಲಾಗದ ಅಪ್ಪ ಕೊಯಮತ್ತೂರಿನ ಹತ್ತಿರದ ನಮ್ಮ ಸೋಮನೂರಿನ ಪ್ಲಾಟ್‌ಫಾರ್ಮಿನ ಮೇಲೆ. ಮೂಟೆಗೆ ಬಿಗಿದ ಹಗ್ಗದ ಇನ್ನೊಂದು ತುದಿ ಅಪ್ಪನ ಸೊಂಟದಲ್ಲಿತ್ತು. ಎಂಬತ್ತರ ದಶಕದ ಆ ಬೆಳಗಿನ ಪ್ಯಾಸೆಂಜರಿನ ನೂಕುನುಗ್ಗಲಿನಲ್ಲಿ ಮೂಟೆ ಕೈತಪ್ಪಬಾರದೆಂದು ನಮ್ಮ ನೇಕಾರರು ಹಾಗೆ ಕಟ್ಟಿಕೊಳ್ಳುತ್ತಿದ್ದರು.

ಅಪ್ಪ ಓಡತೊಡಗಿದರು. ಹಗ್ಗ ಬಿಗಿಯಿತು. "ಬಿಚ್ಚು ಅಮ್ಮುಣಿ, ಬೇಗ ಬಿಚ್ಚು" ಎಂದು ನನಗೆ ಕೂಗಿದರು. ಎಳೆತಕ್ಕೆ ಎರಡೂ ತುದಿಯ ಗಂಟು ಕಲ್ಲಾಗಿತ್ತು. ಮೂಟೆಯನ್ನೇ ಹೊರಗೆ ತಳ್ಳೋಣವೆಂದರೆ ಅದು ಜನರ ಕಾಲುಗಳ ನಡುವೆ ಸಿಕ್ಕಿಕೊಂಡಿತ್ತು. ಅಪ್ಪ ಮುಗ್ಗರಿಸಿದರು.

ಬಾಗಿಲ ಬಳಿಯಿದ್ದ ಮೀನು ಮಾರುವ ಹೆಂಗಸು ತನ್ನ ಖಾಲಿ ಬುಟ್ಟಿಯಿಂದ ಚೂರಿ ತೆಗೆದು ಹಗ್ಗ ಕೊಯ್ದುಬಿಟ್ಟಳು. ಕೆಳಗೆ ಬಿದ್ದ ಅಪ್ಪ ಎದ್ದು ನಿಂತು ಕೈ ಬೀಸಿದರು. ಸೀರೆಗೆ ಮೀನಿನ ವಾಸನೆ ಹತ್ತಿದರೆ ಕೊಯಮತ್ತೂರಿನ ವ್ಯಾಪಾರಿ ತೆಗೆದುಕೊಳ್ಳುವುದಿಲ್ಲವೆಂದು, ರೈಲು ಬರುವ ಮುಂಚೆ ಅಪ್ಪ ದೂರ ಹೋಗಲು ಹೇಳಿದ್ದು ಇವಳಿಗೇ.

ನಾನು ಅಳುತ್ತಾ ಅವಳ ಸೆರಗು ಹಿಡಿಯಹೋದೆ. ಅವಳು ಹಿಂದೆ ಸರಿದಳು. "ಹತ್ತಿರ ಬರಬೇಡ ಪಾಪಾ, ಸೀರೆಗೆ ವಾಸನೆ ಹತ್ತುತ್ತೆ" ಎಂದು ತಮಿಳಿನಲ್ಲಿ ಹೇಳಿ, ಕೊಯಮತ್ತೂರಿನವರೆಗೂ ಬಾಗಿಲ ಗಾಳಿಯಲ್ಲೇ ನಿಂತಳು. ಇಳಿದ ಮೇಲೂ ಅಪ್ಪ ಕಾಣಿಸುವ ತನಕ ಅಷ್ಟೇ ದೂರದಲ್ಲಿ ಕಾದಿದ್ದು, ಉಕ್ಕಡಂ ಮೀನು ಮಾರುಕಟ್ಟೆಯ ಕಡೆ ಹೊರಟುಹೋದಳು.

ಮುಂದಿನ ಗಾಡಿಯಲ್ಲಿ ಬಂದ ಅಪ್ಪ ಮೊದಲು ನನ್ನ ತಲೆ ಸವರಿ, ಆಮೇಲೆ ಮೂಟೆ ಮೂಸಿದರು. ಸೀರೆಗಳಲ್ಲಿ ಗಂಜಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಮೀನು ನಾರುತ್ತಿದ್ದದ್ದು ಹಗ್ಗದ ಕೊಯ್ದ ತುದಿ ಮಾತ್ರ. ಈಗ ಸಡಿಲಗೊಂಡಿದ್ದ ಅದನ್ನು ಬಿಚ್ಚಿ ಎಸೆಯಹೋದೆ. ಅಪ್ಪ ಇಸಿದುಕೊಂಡು, ಸುತ್ತಿ, ಜೇಬಿನಲ್ಲಿಟ್ಟುಕೊಂಡರು.